ಹಾಲು, ಹತ್ತಿ ಮತ್ತು ಹಾಜರಿ ಪುಸ್ತಕ

ತಾಯಿಯ ಹಾಲನ್ನು ಹೊಗಳದ ಭಾಷೆಯಿಲ್ಲ. ಭಾಷಣಗಳಲ್ಲಿ ಅದು ಅಮೃತ, ಗಾದೆಮಾತುಗಳಲ್ಲಿ ಅದು ತೀರಿಸಲಾಗದ ಋಣ. ಪ್ರತಿವರ್ಷ ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹವೂ ನಡೆಯುತ್ತದೆ. 1992ರಿಂದ ನಡೆದುಕೊಂಡು ಬಂದ ಪದ್ಧತಿ ಅದು. ಆದರೆ ಈ ಅಮೃತವು ಮಗುವಿನ ಬಾಯಿಗೆ ಬೀಳದೆ, ತಾಯಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುವಾಗಲೋ, ಕಚೇರಿಯಲ್ಲಿ ನಾಲ್ಕು ಜನ ಗಂಡಸರ ಎದುರು ಕುಳಿತಿರುವಾಗಲೋ ರವಿಕೆಯನ್ನು ತೋಯಿಸಿಬಿಟ್ಟರೆ ಏನು ಮಾಡಬೇಕೆಂಬುದನ್ನು ನಾನು ಓದಿದ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಮೂವತ್ತೈದು ವರ್ಷ ವಿಜ್ಞಾನ ಪಾಠ ಹೇಳಿದ ನಾನೂ ತರಗತಿಯಲ್ಲಿ ಅದನ್ನು ಹೇಳಲಾಗಲಿಲ್ಲ. ಪಾಠಪಟ್ಟಿಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಈಗ ನಿವೃತ್ತಳಾದ ಮೇಲೆ ಹೇಳುವುದಕ್ಕೆ ಅಡ್ಡಿಯೇನು?

ನಮ್ಮ ಸೀಮೆಯ ಹೆಂಗಸರಿಗೆ ಹಾಲಿಳಿಯುವ ಮರ್ಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಕರುವನ್ನು ಬಿಟ್ಟೊಡನೆ ಹಸು ಸೊರೆ ಬಿಡುವುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಮಕ್ಕಳು ಕೂಡ ಬಲ್ಲರು. ಮನುಷ್ಯರಲ್ಲಿಯೂ ಆಗುವುದು ಅದೇ. ಮಗು ಚೀಪಿದಾಗ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ; ಅದು ಹಾಲಿನ ಗೂಡುಗಳ ಸುತ್ತಲಿನ ಸಣ್ಣ ಸ್ನಾಯುಗಳನ್ನು ಹಿಂಡಿ ಹಾಲನ್ನು ಹೊರದೂಡುತ್ತದೆ. ವಿಶೇಷವೆಂದರೆ, ಮಗು ಚೀಪಲೇಬೇಕೆಂದಿಲ್ಲ. ಅದರ ಅಳು ಕೇಳಿದರೆ ಸಾಕು, ನೆನಪಾದರೆ ಸಾಕು. ಕೆಲವು ವೇಳೆ ಯಾರದೋ ಮಗು ಅತ್ತರೂ ಸಾಕು. ದೇಹಕ್ಕೆ ತನ್ನ ಮಗು, ಪರರ ಮಗು ಎಂಬ ಲೆಕ್ಕ ತಿಳಿಯದು.

ಇದರ ಅನುಭವ ನನಗೆ ಆದದ್ದು 1981ರ ಜೂನ್ ತಿಂಗಳಿನಲ್ಲಿ. ಆಗ ನಾನು ಪಾಂಡವಪುರ ತಾಲ್ಲೂಕಿನ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿಯಲ್ಲಿ ಉಪಾಧ್ಯಾಯಿನಿ. ಮೂರು ತಿಂಗಳ ಹೆರಿಗೆ ರಜೆ ಮುಗಿಸಿ, ಮಗುವನ್ನು ಅತ್ತೆಯವರ ಮಡಿಲಿನಲ್ಲಿ ಬಿಟ್ಟು ಕೆಲಸಕ್ಕೆ ಮರಳಿದ್ದೆ. ಜೂನ್ ಎಂದರೆ ಒಂದನೆಯ ತರಗತಿಗೆ ಹೊಸ ಮಕ್ಕಳು ಸೇರುವ ಕಾಲ. ತಾಯಿಯ ಸೆರಗು ಬಿಟ್ಟು ಬಂದ ಮಕ್ಕಳೆಲ್ಲ ಒಟ್ಟಾಗಿ ಅಳತೊಡಗಿದರೆ, ಪಕ್ಕದ ಕೋಣೆಯಲ್ಲಿ ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದ ನನ್ನ ಎದೆಯಲ್ಲಿ ಜುಮ್ಮೆಂದು ಹಾಲಿಳಿಯುತ್ತಿತ್ತು. ಆಗ ನನಗೆ ಆಸರೆಯಾದದ್ದು ಹಾಜರಿ ಪುಸ್ತಕ. ಅದನ್ನು ಎದೆಗೆ ಅವುಚಿಕೊಂಡು, ಮೇಲೆ ಕೈಕಟ್ಟಿ ಬಲವಾಗಿ ಒತ್ತಿ ನಿಂತರೆ ಅರ್ಧ ನಿಮಿಷದಲ್ಲಿ ಸೋರುವುದು ನಿಲ್ಲುತ್ತಿತ್ತು. ಹಾಗೆ ನೇರವಾಗಿ ಒತ್ತುವುದು ವೈದ್ಯರೂ ಒಪ್ಪುವ ಉಪಾಯವೇ ಎಂದು ಬಹುಕಾಲದ ನಂತರ ಓದಿ ತಿಳಿದೆ. ಆದರೆ ಹೆರಿಗೆಯಾದ ಮೊದಲ ವಾರಗಳಲ್ಲಿ ಇದನ್ನು ಮೇಲಿಂದ ಮೇಲೆ ಮಾಡಿದರೆ ಹಾಲು ಕಟ್ಟಿಕೊಂಡು ಗಂಟಾಗಬಹುದು, ಎಚ್ಚರಿಕೆ ಬೇಕು.

ಆ ಕಾಲದ ಉಪಾಧ್ಯಾಯಿನಿಯರಿಗೆ ಇನ್ನೊಂದು ಉಪಾಯವಿತ್ತು. ಟೂ ಬೈ ಟೂ ರವಿಕೆಯನ್ನು ತಿಳಿ ಬಣ್ಣದಲ್ಲಿ ಹೊಲಿಸಬಾರದು. ಕಡುಗೆಂಪು, ಕಪ್ಪು, ಒತ್ತೊತ್ತಾದ ಹೂವಿನದಾದರೆ ಕಲೆ ಕಾಣದು. ನೈಲೆಕ್ಸ್ ಸೀರೆಯ ಸೆರಗನ್ನು ಎರಡು ಸುತ್ತು ಹೊದೆಯಬೇಕು. ಇವೆಲ್ಲವೂ ಕಲೆಯನ್ನು ಮುಚ್ಚುವ ಉಪಾಯಗಳೇ ಹೊರತು ಹಾಲನ್ನು ಹಿಡಿಯುವ ಉಪಾಯಗಳಲ್ಲ. ಹಿಡಿಯುವ ಉಪಾಯವನ್ನು ತಿಳಿದಿದ್ದವಳು ನನ್ನ ತಾಯಿ. ಮೇಲುಕೋಟೆಯ ಕೈಮಗ್ಗದ ಪಂಚೆಯೊಂದು ನಮ್ಮ ತಂದೆಯವರು ಉಟ್ಟು ಉಟ್ಟು ಬೆಣ್ಣೆಯಂತಾಗಿತ್ತು. ಅಮ್ಮ ಅದನ್ನು ಹರಿದು, ಅಂಗೈಯಗಲದ ಚೌಕಗಳನ್ನಾಗಿ ಎಂಟು ಪದರ ಮಡಿಸಿ, ಅಂಚಿಗೆ ದಾರ ಓಡಿಸಿ ಕಳುಹಿಸಿದ್ದಳು. ಅದಕ್ಕೆ ಹೆಸರೇ ಇರಲಿಲ್ಲ. ನಮ್ಮ ಮನೆಯಲ್ಲಿ "ತುಂಡು" ಎನ್ನುತ್ತಿದ್ದೆವು. ಹೆಸರಿಲ್ಲದ ವಸ್ತುವನ್ನು ಅಂಗಡಿಯಲ್ಲಿ ಕೇಳುವುದೂ ಕಷ್ಟ, ಇನ್ನೊಬ್ಬರಿಗೆ ಹೇಳುವುದೂ ಕಷ್ಟ.

ನಾಲ್ಕು ದಶಕಗಳ ನಂತರ ಅದೇ ಕಷ್ಟ ನನ್ನ ಮನೆಯ ಬಾಗಿಲಿಗೆ ಮತ್ತೆ ಬಂತು. ನನ್ನ ತಂಗಿಯ ಮಗಳು ಜಿಲ್ಲೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ರಜೆಯ 26 ವಾರಗಳಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ಕಳೆದಿದ್ದರಿಂದ, ಮಗುವಿಗೆ ನಾಲ್ಕು ತಿಂಗಳು ತುಂಬುತ್ತಲೇ ಕೆಲಸಕ್ಕೆ ಹೋಗಬೇಕಾಯಿತು. ಬೆಳಿಗ್ಗೆ ಏಳೂವರೆಗೆ ವ್ಯಾನು ಹತ್ತಿದರೆ ಮನೆಗೆ ಬರುವುದು ಸಂಜೆ ಆರೂವರೆಗೆ. ಹದಿನೈದು ದಿನ ಕಳೆದ ಮೇಲೆ ಒಂದು ಭಾನುವಾರ ನನ್ನ ಬಳಿ ಬಂದು, "ದೊಡ್ಡಮ್ಮ, ಹಾಲು ನಿಲ್ಸೋ ಮಾತ್ರೆ ಯಾವ್ದಾದ್ರೂ ಐತಾ?" ಎಂದು ಕೇಳಿದಳು.

"ಯಾಕವ್ವ, ಮಗೀಗೆ ಸಾಲ್ತಾ ಇಲ್ವಾ?" ಎಂದೆ.

"ಸಾಲ್ದೇ ಏನು, ಹೆಚ್ಚಾಗೇ ಐತೆ. ಅದೇ ಕಷ್ಟ. ಲೈನಲ್ಲಿ ಕೂತಿರೋವಾಗ ಸೋರೋಯ್ತದೆ. ಸೂಪರ್‌ವೈಸರ್ ನೋಡಿ ನಗ್ತಾನೆ. ಹೊಲೀತಿರೋ ಬಟ್ಟೆ ಮ್ಯಾಲೆ ಬಿದ್ರೆ ಪೀಸು ರಿಜೆಕ್ಟು."

ಅಂಗಡಿಯಲ್ಲಿ ಸಿಗುವ ಬಿಸಾಡುವ ಪ್ಯಾಡುಗಳನ್ನು ಆಕೆ ಪ್ರಯತ್ನಿಸಿದ್ದಳು. ದಿನಕ್ಕೆ ನಾಲ್ಕಾರು ಬೇಕಾಗುತ್ತಿದ್ದುದರಿಂದ ಸಂಬಳಕ್ಕೆ ಅದು ಭಾರವಾಗಿತ್ತು. ಮೇಲಾಗಿ ಅವುಗಳ ಹಿಂಬದಿಯ ಪ್ಲಾಸ್ಟಿಕ್ಕಿನಿಂದ ಬೆವತು ತುರಿಕೆ ಎದ್ದಿತ್ತು. ಮಗುವಿಗೆ ಪುಡಿಹಾಲು ಹಾಕಿಬಿಡುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ಆಮೇಲೆ ಬೇರೆ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಮಗುವಿಗೆ ನಾಲ್ಕೂವರೆ ತಿಂಗಳಿಗೇ ತಾಯಿಯ ಹಾಲು ತಪ್ಪಿಹೋಗುವುದರಲ್ಲಿತ್ತು. ಹಾಲು ಬತ್ತಿದ್ದಕ್ಕಲ್ಲ, ಅಂಗೈಯಗಲದ ಒಂದು ಬಟ್ಟೆಯ ತುಂಡಿಲ್ಲದ್ದಕ್ಕೆ.

"ಮಾತ್ರೆ ವಿಚಾರ ಆಮೇಲೆ ನೋಡೋಣ. ಒಂದು ವಾರ ತಡಿ," ಎಂದು ಹೇಳಿ ನನ್ನ ಹಳೆಯ ಹೊಲಿಗೆ ಯಂತ್ರದ ಮುಚ್ಚಳ ತೆಗೆದೆ.

ಪ್ರಿಯ ಓದುಗರೇ, ಇಲ್ಲಿಂದ ಮುಂದೆ ನಾನು ಸ್ವಲ್ಪ ಮೇಷ್ಟ್ರಾಗುತ್ತೇನೆ, ಕ್ಷಮೆಯಿರಲಿ.

ಹತ್ತಿ ನೀರನ್ನು ಹೀರುತ್ತದೆಂದು ಎಲ್ಲರೂ ಬಲ್ಲರು. ಆದರೆ ಎಲ್ಲ ಹತ್ತಿಯೂ ಹೀರುವುದಿಲ್ಲ. ದೇವರ ದೀಪಕ್ಕೆ ಬತ್ತಿ ಹೊಸೆಯುವ ಅರಳೆಯ ಉಂಡೆಯೊಂದನ್ನು ಲೋಟದ ನೀರಿನ ಮೇಲೆ ಬಿಡಿ, ಅದು ತೇಲುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಹತ್ತಿಯನ್ನು ಬಿಡಿ, ಮುಳುಗುತ್ತದೆ. ಅಂಥ ಹತ್ತಿ 10 ಸೆಕೆಂಡುಗಳೊಳಗೆ ಮುಳುಗಬೇಕೆಂಬುದು ಔಷಧ ಸಂಹಿತೆಗಳ ನಿಯಮ. ಕಾರಣವಿಷ್ಟೆ: ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣದ ಲೇಪವಿರುತ್ತದೆ. ಕ್ಷಾರದಲ್ಲಿ ಕುದಿಸಿ ಅದನ್ನು ತೆಗೆದ ಮೇಲೆಯೇ ಎಳೆಯೊಳಗಿನ ಸೆಲ್ಯುಲೋಸ್ ನೀರಿಗೆ ತೆರೆದುಕೊಳ್ಳುತ್ತದೆ. ಕೋರಾ ಬಟ್ಟೆಯಲ್ಲಿ ಈ ಮೇಣದ ಜೊತೆಗೆ ಮಗ್ಗದ ಗಂಜಿಯೂ ಇರುತ್ತದೆ. ಆದ್ದರಿಂದಲೇ ಹೊಸ ಬಟ್ಟೆಯ ಮೇಲೆ ನೀರು ಮುತ್ತಿನಂತೆ ಉರುಳುತ್ತದೆ, ನೂರು ಸಲ ಒಗೆದ ಪಂಚೆ ಕ್ಷಣದಲ್ಲಿ ಕುಡಿಯುತ್ತದೆ. ಹಳೆಯ ಬಟ್ಟೆಯ ಗಂಟನ್ನು ಬಾಣಂತನಕ್ಕೆಂದು ಕಟ್ಟಿಡುತ್ತಿದ್ದ ನಮ್ಮ ಅಜ್ಜಿಯರು ಬಡತನದಿಂದ ಮಾತ್ರ ಹಾಗೆ ಮಾಡುತ್ತಿರಲಿಲ್ಲ.

ನಮ್ಮ ಭಾಗದವರು ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದೊಡನೆ ನೋಡುವುದು ಕನ್ನಂಬಾಡಿ ಕಟ್ಟೆಯ ಲೆಕ್ಕವನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಒಳಹರಿವು ಇಷ್ಟು, ಹೊರಹರಿವು ಇಷ್ಟು. ಬಟ್ಟೆಯ ತುಂಡಿಗೂ ಇಂಥದೇ ಮೂರು ಲೆಕ್ಕಗಳಿವೆ. ಎಷ್ಟು ಬೇಗ ಒಳಗೆಳೆದುಕೊಳ್ಳುತ್ತದೆ? ಎಷ್ಟನ್ನು ಹಿಡಿದಿಡುತ್ತದೆ? ಒತ್ತಡ ಬಿದ್ದಾಗ ಎಷ್ಟನ್ನು ಬಿಟ್ಟುಕೊಡುತ್ತದೆ? ಒಂದೇ ಬಟ್ಟೆ ಈ ಮೂರರಲ್ಲಿಯೂ ಗೆಲ್ಲುವುದು ಅಪರೂಪ. ಹಳೆಯ ಮಲ್ಲು ಪಂಚೆ ಬೇಗ ಹೀರುತ್ತದೆ, ಆದರೆ ತೆಳ್ಳಗಿರುವುದರಿಂದ ಹೆಚ್ಚು ಹಿಡಿಯದು. ಟರ್ಕಿ ಟವೆಲ್ಲಿನ ದಾರದ ಕುಣಿಕೆಗಳ ನಡುವೆ ಬಹಳಷ್ಟು ಸ್ಥಳವಿರುವುದರಿಂದ ಹೆಚ್ಚು ಹಿಡಿಯುತ್ತದೆ, ಆದರೆ ನೋಯುತ್ತಿರುವ ಎಳೆಯ ಚರ್ಮಕ್ಕೆ ಅದು ಒರಟು. ಪಾಲಿಯೆಸ್ಟರ್ ಎಳೆ ತಾನು ಕುಡಿಯುವುದೇ ಇಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಲ್ಲಿ ಎಷ್ಟೇ ಚೆಂದದ ರೇಷ್ಮೆ ಸೀರೆ ನೇಯ್ದರೂ ಈ ಕೆಲಸಕ್ಕೆ ಹಳೆಯ ನೂಲುಬಟ್ಟೆಯೇ ಬೇಕು.

ಊಹೆಯಿಂದ ಹೊಲಿಯುವುದಕ್ಕಿಂತ ಅಳೆದು ಹೊಲಿಯುವುದು ಲೇಸೆಂದು 11 ಸೆಂಟಿಮೀಟರ್ ಅಗಲದ ವೃತ್ತಗಳನ್ನು ಕತ್ತರಿಸಿದೆ. ಊಟದ ತಟ್ಟೆಯ ಚಟ್ನಿ ಬಟ್ಟಲೇ ನನ್ನ ಅಚ್ಚು. ಔಷಧದ 5 ಮಿಲಿಲೀಟರಿನ ಚಮಚದಿಂದ ನೀರನ್ನು ನಿಧಾನವಾಗಿ ಸುರಿದು, ಎತ್ತಿ ಹಿಡಿದಾಗ ಹನಿ ಬೀಳುವವರೆಗೆ ಎಣಿಸಿದೆ. ನನ್ನ ಅಡುಗೆಮನೆಯಲ್ಲಿ ಕಂಡ ಲೆಕ್ಕ ಹೀಗಿತ್ತು: ಹಳೆಯ ಪಂಚೆಯ ಆರು ಪದರ ಒಂದೂವರೆ ಚಮಚ ಹಿಡಿಯಿತು. ಟರ್ಕಿ ಟವೆಲ್ಲಿನ ಒಂದೇ ಪದರ ಎರಡು ಚಮಚ ಹಿಡಿಯಿತು. ಪಂಚೆಯ ನಾಲ್ಕು ಪದರಗಳ ನಡುವೆ ಟವೆಲ್ಲಿನ ಒಂದು ಪದರವಿಟ್ಟಾಗ ಮೂರು ಚಮಚಕ್ಕೆ ತುಸು ಕಡಿಮೆ ಹಿಡಿಯಿತು.

ಇಷ್ಟಕ್ಕೆ ಪರೀಕ್ಷೆ ಮುಗಿಯಲಿಲ್ಲ. ಒದ್ದೆಯಾದ ತುಂಡನ್ನು ಹಳೆಯ ಪತ್ರಿಕೆಯ ಮೇಲಿಟ್ಟು, ಅದರ ಮೇಲೆ ನೀರು ತುಂಬಿದ ಚೊಂಬಿಟ್ಟು ಒಂದು ನಿಮಿಷ ಕಾದೆ. ಪತ್ರಿಕೆ ಒದ್ದೆಯಾದರೆ ರವಿಕೆಯೂ ಒದ್ದೆಯಾಗುತ್ತದೆಂದೇ ಅರ್ಥ. ಮೂರು ಚಮಚ ಹಿಡಿಯುವ ತುಂಡು ಚೊಂಬಿನ ಭಾರಕ್ಕೆ ಎರಡು ಚಮಚವನ್ನಷ್ಟೇ ಉಳಿಸಿಕೊಂಡಿತು. ಹೊಲಿಗೆ ಯಂತ್ರದ ಮೇಲೆ ಬಾಗಿ ಕೆಲಸ ಮಾಡುವವಳಿಗೆ, ವ್ಯಾನಿನಲ್ಲಿ ಒತ್ತಿ ಕುಳಿತು ಬರುವವಳಿಗೆ ಈ ಎರಡನೆಯ ಲೆಕ್ಕವೇ ಸತ್ಯ. ಬಿಸಾಡುವ ಪ್ಯಾಡುಗಳು ಗೆಲ್ಲುವುದು ಇಲ್ಲಿಯೇ. ಅವುಗಳಲ್ಲಿರುವ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರನ್ನು ಹೀರಿ ಲೋಳೆಯಾಗುತ್ತದೆ. ಒತ್ತಿದರೂ ಸುಲಭವಾಗಿ ಬಿಡುವುದಿಲ್ಲ. ಬಟ್ಟೆಗೆ ಆ ಶಕ್ತಿಯಿಲ್ಲ. ಅದನ್ನು ಒಪ್ಪಿಕೊಂಡು, ಬಟ್ಟೆಯನ್ನು ಸಕಾಲಕ್ಕೆ ಬದಲಾಯಿಸುವುದೇ ದಾರಿ.

ಇನ್ನು ಆಕೆಗೆ ನಿಜವಾಗಿ ಎಷ್ಟು ಬೇಕು? ಅದನ್ನೂ ಅಳೆಯಬಹುದು. ಒಣ ತುಂಡಿನ ತೂಕವನ್ನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬರೆದಿಟ್ಟುಕೊಂಡೆ. ಬಳಸಿದ ತುಂಡುಗಳನ್ನು ಬಾಯಿ ಕಟ್ಟಿದ ಕವರಿನಲ್ಲಿ ತರಲು ಹೇಳಿ ಮತ್ತೆ ತೂಗಿದೆ. ಹಾಲಿನ ಒಂದು ಗ್ರಾಂ ಹೆಚ್ಚುಕಡಿಮೆ ಒಂದು ಮಿಲಿಲೀಟರಿಗೆ ಸಮ. ಬೆಳಗಿನ ಹೊತ್ತಿನ ತುಂಡಿನಲ್ಲಿ ಆರು ಗ್ರಾಂ ಕೂಡ ಇರಲಿಲ್ಲ. ಮಧ್ಯಾಹ್ನದ ತುಂಡು ಮಾತ್ರ ತುಂಬಿ ತುಳುಕಿತ್ತು. ಬೆಳಿಗ್ಗೆ ಮಗುವಿಗೆ ಕುಡಿಸಿ ಹೊರಟ ತಾಯಿಗೆ ಐದಾರು ಗಂಟೆಯ ನಂತರ ಎದೆ ತುಂಬುವುದು ಸಹಜ. ಆದ್ದರಿಂದ ಎರಡು ಬಗೆ ಹೊಲಿದೆ: ಬೆಳಿಗ್ಗೆಗೆ ಮತ್ತು ಮನೆಯಲ್ಲಿರುವ ಹೊತ್ತಿಗೆ ಆರು ಪದರದ ತೆಳು ತುಂಡು, ನಡುಹಗಲಿಗೆ ಟವೆಲ್ಲು ಸೇರಿಸಿದ ದಪ್ಪ ತುಂಡು. ಎಲ್ಲವನ್ನೂ ದಪ್ಪವಾಗಿಯೇ ಹೊಲಿದಿದ್ದರೆ ರವಿಕೆಯೊಳಗೆ ಉಬ್ಬಿ ಕಾಣುತ್ತಿತ್ತು, ಒಣಗುವುದಕ್ಕೂ ಎರಡು ದಿನ ಹಿಡಿಯುತ್ತಿತ್ತು.

ಹೊಲಿಗೆಯ ವಿಷಯದಲ್ಲಿ ಎರಡು ಮೂರು ಮಾತು. ಕತ್ತರಿಸುವ ಮೊದಲು ಬಟ್ಟೆಗಳನ್ನೆಲ್ಲ ಬಿಸಿನೀರಿನಲ್ಲಿ ಎರಡು ಮೂರು ಸಲ ಒಗೆದು ಒಣಗಿಸಬೇಕು. ಪಂಚೆಯೂ ಟವೆಲ್ಲೂ ಒಂದೇ ಸಮನೆ ಕುಗ್ಗುವುದಿಲ್ಲ. ಮೊದಲೇ ಕುಗ್ಗಿಸದಿದ್ದರೆ ಹೊಲಿದ ಮೇಲೆ ಸುಕ್ಕಾಗುತ್ತದೆ, ಆ ಸುಕ್ಕು ಚರ್ಮಕ್ಕೆ ಒತ್ತುತ್ತದೆ. ವೃತ್ತದ ಅಂಚಿನಿಂದ ನಡುವಿನವರೆಗೆ ಒಂದು ಸಣ್ಣ ಡಾರ್ಟ್ ಹಿಡಿದರೆ ತುಂಡು ಬಟ್ಟಲಿನ ಆಕಾರಕ್ಕೆ ಬರುತ್ತದೆ, ಜಾರುವುದಿಲ್ಲ. ಮಕ್ಕಳ ಹಾಸಿಗೆಗೆಂದು ಮಾರುವ ಡ್ರೈ ಶೀಟಿನ ಒಂದು ಪದರವನ್ನು ಹೊರಬದಿಗೆ ಇಡಬಹುದು. ಹಾಗಿಟ್ಟರೆ ಅಂಚಿನಲ್ಲಿ ಮಾತ್ರ ಹೊಲಿಯಬೇಕು. ನಡುವೆ ಸೂಜಿ ಓಡಿಸಿದರೆ ಸೂಜಿಯ ತೂತಿನಿಂದಲೇ ಜಿನುಗುತ್ತದೆ. ಈ ಬಗೆಯದನ್ನು ಪ್ರಯಾಣಕ್ಕೆ, ಕೆಲಸದ ಹೊತ್ತಿಗೆ ಮಾತ್ರ ಬಳಸಿ, ಮನೆಯಲ್ಲಿ ಬರಿಯ ಹತ್ತಿಯದನ್ನೇ ಬಳಸುವುದು ಒಳ್ಳೆಯದು. ಗಾಳಿಯಾಡದೆ ಒದ್ದೆ ನಿಂತಲ್ಲಿ ಚರ್ಮ ಮೆತ್ತಗಾಗಿ ಬಿರಿಯುತ್ತದೆ, ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುತ್ತದೆ. ಅದು ಮಗುವಿನ ಬಾಯಿಗೂ ಅಂಟುತ್ತದೆ. ತುಂಡು ಒದ್ದೆಯೆನಿಸಿದೊಡನೆ ಬದಲಾಯಿಸಬೇಕು, ತುಂಬುವವರೆಗೆ ಕಾಯಬಾರದು. ಎದೆಯಲ್ಲಿ ಕೆಂಪಾದ ಗಂಟು, ಜ್ವರ, ಚಳಿ ಕಂಡರೆ ಬಟ್ಟೆಯಿಂದ ಪರಿಹಾರವಿಲ್ಲ. ಅದೇ ದಿನ ವೈದ್ಯರನ್ನು ಕಾಣಬೇಕು.

ಒಗೆಯುವುದಕ್ಕೆ ಮೊದಲು ತಣ್ಣೀರು. ಹಾಲಿನಲ್ಲಿ ಪ್ರೋಟೀನಿದೆ, ನೇರವಾಗಿ ಕುದಿನೀರಿಗೆ ಹಾಕಿದರೆ ಅದು ಎಳೆಯೊಳಗೆ ಗಟ್ಟಿಯಾಗಿ ಕಲೆ ನಿಲ್ಲುತ್ತದೆ. ತಣ್ಣೀರಿನಲ್ಲಿ ಜಾಲಿಸಿದ ಮೇಲೆ ಬಿಸಿನೀರು, ಸೋಪು. ಬಟ್ಟೆ ಘಮಘಮಿಸಲೆಂದು, ಮೃದುವಾಗಲೆಂದು ಹಾಕುವ ಕಂಡಿಷನರ್ ಮಾತ್ರ ಬೇಡವೇ ಬೇಡ. ಅದು ಎಳೆಯ ಮೇಲೆ ಜಿಡ್ಡಿನ ಲೇಪವನ್ನು ಬಿಡುತ್ತದೆ. ಇಷ್ಟು ಕಷ್ಟಪಟ್ಟು ತೆಗೆದ ಮೇಣವನ್ನು ನಾವೇ ಮತ್ತೆ ಬಳಿದಂತಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಪಾಠ ಒಣಗಿಸುವುದು. ನಮ್ಮ ಕಡೆ ಹೆಂಗಸರ ಒಳಬಟ್ಟೆಗಳು ಬಿಸಿಲು ಕಾಣುವುದು ಅಪರೂಪ. ಸೀರೆಯ ಕೆಳಗೆ, ಟವೆಲ್ಲಿನ ಹಿಂದೆ, ಬಚ್ಚಲುಮನೆಯ ಮೂಲೆಯಲ್ಲಿ ಅವು ಅರೆಬರೆ ಒಣಗುತ್ತವೆ. ಆ ತೇವದಲ್ಲಿಯೇ ಶಿಲೀಂಧ್ರಕ್ಕೆ ಹಬ್ಬ. ನನ್ನ ತಂಗಿ ಕೂಡ ಮಗಳ ತುಂಡುಗಳನ್ನು ಹಾಸಿಗೆ ಹೊದಿಕೆಯ ಅಡಿಯಲ್ಲಿ ಹರವಿದ್ದಳು. "ಯಾರಾದ್ರೂ ಏನಿದು ಅಂದ್ರೆ ಏನ್ ಹೇಳ್ಳಕ್ಕ?" ಎಂದು ಅವಳ ಪ್ರಶ್ನೆ. "ಮಗು ಕುಡಿಯೋ ಹಾಲು ಬಿದ್ದ ಬಟ್ಟೆ ಅಂತ ಹೇಳು," ಎಂದೆ. ಒಂದು ವಾರ ತಾಯಿಮಗಳಿಬ್ಬರೂ ಗೊಣಗಿದರು. ಆಮೇಲೆ ತಾರಸಿಯ ತಂತಿಯ ಮೇಲೆ ಇಪ್ಪತ್ತು ಬಿಳಿಯ ವೃತ್ತಗಳು ಸಾಲಾಗಿ ನೇತಾಡಿದವು. ಯಾರೂ ಏನೂ ಕೇಳಲಿಲ್ಲ. ಹತ್ತು ಜೊತೆ ಇದ್ದರೆ ಮಳೆಗಾಲದಲ್ಲಿಯೂ ಸಾಲುತ್ತದೆಂಬುದು ನಮ್ಮ ಅನುಭವ.

ಬಟ್ಟೆಯ ತುಂಡಿನಿಂದ ಎಲ್ಲವೂ ಪರಿಹಾರವಾಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸರಾಸರಿ 750ರಿಂದ 800 ಮಿಲಿಲೀಟರಿನಷ್ಟು ಹಾಲು ಕುಡಿಯುತ್ತದೆ. ಅದರಲ್ಲಿ ಹಗಲಿನ ಪಾಲು ತಾಯಿಯ ಎದೆಯಲ್ಲಿಯೇ ಉಳಿದರೆ ಮೂರು ಚಮಚ ಹಿಡಿಯುವ ಬಟ್ಟೆ ಏನು ಮಾಡೀತು? ಕಟ್ಟೆ ತುಂಬಿದ ಮೇಲೆ ಗೇಟು ತೆರೆಯಲೇಬೇಕು. ಮಗುವಿಗೆ ಕುಡಿಸಲು ಅಥವಾ ಹಾಲನ್ನು ಹಿಂಡಿ ತೆಗೆದಿಡಲು ತಾಯಿಗೆ ಸಮಯವೂ ಮರೆಯಾದ ಸ್ಥಳವೂ ಬೇಕು. ಮಗುವಿಗೆ 15 ತಿಂಗಳು ತುಂಬುವವರೆಗೆ, ವಿಶ್ರಾಂತಿಯ ಹೊತ್ತಲ್ಲದೆ ದಿನಕ್ಕೆ ಎರಡು ಬಿಡುವುಗಳನ್ನು ಹಾಲೂಡಿಸಲು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿಯೇ ಬರೆದಿತ್ತು. 2017ರ ತಿದ್ದುಪಡಿಯು ರಜೆಯನ್ನು ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿಸಿ, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವೆಡೆ ಶಿಶುಪಾಲನಾ ಕೇಂದ್ರವಿರಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ನನ್ನ ತಂಗಿಯ ಮಗಳಿಗೆ ಇದಾವುದೂ ತಿಳಿದಿರಲಿಲ್ಲ, ತಿಳಿಸಬೇಕಾಗಿದ್ದವರು ತಿಳಿಸಿರಲಿಲ್ಲ.

ನಾನು ಒಂದು ಹಾಳೆಯಲ್ಲಿ ಈ ಎರಡು ಬಿಡುವಿನ ನಿಯಮವನ್ನು ದುಂಡಗೆ ಬರೆದುಕೊಟ್ಟೆ. ಆಕೆ ಒಬ್ಬಳೇ ಕೇಳಲು ಹೆದರಿದಳು. ಅದೇ ಲೈನಿನಲ್ಲಿ ಹಾಲುಣಿಸುವ ತಾಯಂದಿರು ಇನ್ನಿಬ್ಬರಿದ್ದರು. ಮೂವರೂ ಕೂಡಿ ಕೇಳಿದ ಮೇಲೆ ಮಧ್ಯಾಹ್ನದ ಒಂದು ಬಿಡುವು ಸಿಕ್ಕಿತು. ಎರಡನೆಯದು ನಾನು ಇದನ್ನು ಬರೆಯುವ ಹೊತ್ತಿಗೂ ಸಿಕ್ಕಿಲ್ಲ. ಮಗುವಿಗೆ ಈಗ ಒಂಬತ್ತು ತಿಂಗಳು. ರಾಗಿ ಸರಿಯನ್ನೂ ತಿನ್ನುತ್ತದೆ, ಸಂಜೆ ತಾಯಿಯ ಮಡಿಲಿಗೆ ಬಿದ್ದರೆ ಅರ್ಧ ಗಂಟೆ ಬಿಡುವುದಿಲ್ಲ. ಮಾತ್ರೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಕಳೆದ ತಿಂಗಳು ಆ ಇಬ್ಬರು ತಾಯಂದಿರಿಗಾಗಿ ಇನ್ನೂ ಇಪ್ಪತ್ತು ಜೊತೆ ಹೊಲಿದೆ. ಪಂಚೆ ಮುಗಿದಿತ್ತು, ನಮ್ಮ ಯಜಮಾನರ ಎರಡು ಹಳೆಯ ಪಂಚೆಗಳನ್ನು ಅವರನ್ನು ಕೇಳಿಯೇ ಕತ್ತರಿಸಿದೆ. ಓದುಗರಲ್ಲಿ ಯಾರ ಮನೆಯಲ್ಲಿಯಾದರೂ ಹೆರಿಗೆಯಾಗುವುದಿದ್ದರೆ, ತೊಟ್ಟಿಲು, ಬೆಳ್ಳಿ ಬಟ್ಟಲುಗಳ ಜೊತೆಗೆ ಇಂಥ ಹತ್ತು ಜೊತೆಯನ್ನೂ ಸಿದ್ಧಮಾಡಿಡಿ. ಹುಡುಗಿ ಕೇಳಲಿ ಎಂದು ಕಾಯಬೇಡಿ, ಅವಳು ಕೇಳಲಾರಳು.